ಹದಿನಾಲ್ಕು ಹೆಜ್ಜೆಗಳ ಮಹಾಸಮರ

೨೦೧೯ನೆಯ ಇಸವಿ ಜನವರಿ ಹದಿನೇಳು, ಗುರುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಎಲೈ ಸಕಲ ತರುಲತಾಗುಲ್ಮಗಳೇ, ಸಾಕ್ಷಿಯಾಗಿರಿ! ಫಲಪುಷ್ಪ ಪ್ರದರ್ಶನವು ಸಮೀಪಿಸಿ ಚೆಂಡುಹೂಗಳು ಭೂಮಂಡಲವನ್ನೇ ಆಕ್ರಮಿಸುತ್ತಿದ್ದ ಆ ಘೋರ ಯುಗದಲ್ಲಿ, ಸಸ್ಯೋದ್ಯಾನದ ದಾಖಲೆಪಾಲಕಿ, ಧೂಳಿಧೂಸರ ಕಡತಕುಲರಕ್ಷಕಿ, ಅಕ್ಷೀಣಲೇಖನೀಧಾರಿಣಿ ಮೃಣಾಲಿನಿಯು ಬಾವಿಕಟ್ಟೆಯ ಮೇಲೆ ದಾಖಲೆ ಪುಸ್ತಕ ಬಿಚ್ಚಿ ನಿಂತಳು.

ಎದುರಿಗೆ, ಪಾತಿಯ ನಡುವೆ ಮಗುಚಿಟ್ಟ ಬಕೆಟ್ಟೆಂಬ ಸಿಂಹಾಸನದ ಮೇಲೆ, ಗುದ್ದಲಿಯನ್ನು ಗದೆಯಂತೆ ಹೆಗಲಿಗೇರಿಸಿ ಹಿರಿಯ ಮಾಲಿ ಕೆಂಪಮಾದಯ್ಯ ಕುಳಿತಿದ್ದ. ಕಳೆ ಕೀಳಲು ಅಡ್ಡವೆಂದು ಪಾತಿಯ ನಾಮಫಲಕಗಳನ್ನೆಲ್ಲ ಕಿತ್ತು ಒಂದೇ ಕಟ್ಟು ಕಟ್ಟಿಟ್ಟ ಪರಾಕ್ರಮ ಅವನದೇ. ಆ ಪಾತಿಯಲ್ಲೆಲ್ಲೋ ಕಾಡುಜಾಯಿಯೆಂಬ ಅಪರೂಪದ ಕಾಡುಮರದ ಬೀಜವೊಂದನ್ನು ಬಿತ್ತಲಾಗಿತ್ತು. ತಾಯಿಮರ ಉರುಳಿಹೋಗಿತ್ತು, ಇನ್ನೊಂದು ಬೀಜವಿರಲಿಲ್ಲ. ಚೆಂಡುಹೂ ನೆಡಲು ಹನ್ನೊಂದಕ್ಕೆ ಪಾತಿ ಅಗೆಯಬೇಕು. ಅಷ್ಟರಲ್ಲಿ ಅದು ಸಿಗದಿದ್ದರೆ ಮೃಣಾಲಿನಿ ತನ್ನ ಕೈಯಾರೆ ಕೆಂಪು ಶಾಯಿಯಲ್ಲಿ ‘ಮೃತ’ ಎಂದು ಬರೆಯಬೇಕು.

"ಅದೆಂದೋ ಕೊಳ್ತೋಯ್ತು ಬುಡಿ ಮೇಡಮ್ಮೋರೆ!" ಎಂದು ಮಾದಯ್ಯ ಗರ್ಜಿಸಿದ. "ಮೂವತ್ತೊರ್ಸ ಗುದ್ಲಿ ಹಿಡ್ದಿವ್ನಿ. ನನ್ ಕಣ್ ತಪ್ಸಿ ಇಲ್ಲಿ ಒಂದ್ ಗರಿಕೇನೂ ಚಿಗುರಾಕಿಲ್ಲ!"

"ನಿಮ್ಮ ಕಣ್ಣಿಗಿಂತ ಪುಸ್ತಕ ದೊಡ್ಡದು ಮಾದಯ್ಯ. ಬಾವಿಯಿಂದ ನೇರ ಪೂರ್ವಕ್ಕೆ ಹದಿನಾಲ್ಕು ಹೆಜ್ಜೆ ಅಂತಿದೆ."

"ಯಾರ್ ಹೆಜ್ಜೆ? ನಿಮ್ದಾ, ನಂದಾ, ಆನೇದಾ?"

ಬಾಣ ಎದೆಗೇ ನಾಟಿತು. ಹೆಜ್ಜೆಯಲ್ಲೇ ಸಕಲವನ್ನೂ ಅಳೆದು ಬರೆದಿಡುತ್ತಿದ್ದ ಹಿಂದಿನ ಪಾಲಕರು ಪಾದಸಮೇತ ಪರಲೋಕ ಸೇರಿದ್ದರು. ಮೃಣಾಲಿನಿಯು ಹಾಳೆ ಮಗುಚಿದಳು. ಅದೇ ಕೈಬರಹ: ‘ಸಂಪಿಗೆ ಮರ, ಬಾವಿಯಿಂದ ಉತ್ತರಕ್ಕೆ ಇಪ್ಪತ್ತು ಹೆಜ್ಜೆ.’

ಸಂಪಿಗೆ ಮರ ಎಲ್ಲಿಗೂ ಹೋಗಿರಲಿಲ್ಲ! ಒರೆಯಿಂದ ಖಡ್ಗ ಹಿರಿದಂತೆ ಅವಳು ಟೇಪು ಹಿರಿದಳು. ಸಂಪಿಗೆಗೆ ಹದಿಮೂರು ಮೀಟರ್. ಅಂದರೆ ಹೆಜ್ಜೆಗೆ ಅರವತ್ತೈದು ಸೆಂಟಿಮೀಟರ್. ಹದಿನಾಲ್ಕಕ್ಕೆ ಒಂಬತ್ತು ಮೀಟರ್ ಹತ್ತು. ಆ ಲೋಹಸರ್ಪವು ಪೂರ್ವಕ್ಕೆ ಸರಸರನೆ ಹರಿದು ಬಕೆಟ್ಟಿಗೆ ತಲೆಯೊಡ್ಡಿ ನಿಂತಿತು.

"ಏಳಿ ಮಾದಯ್ಯ."

"ಯಾಕ್ರವ್ವಾ?"

"ಸಿಂಹಾಸನ ಬಿಡಿ."

ಬಕೆಟ್ಟು ಮೇಲೆದ್ದಿತು. ಕೆಳಗೆ ಬಿಸಿಲು ಕಾಣದೆ ಬಿಳಿಚಿದ ಮೊಳಕೆಯೊಂದು ಸೊಂಟ ಬಗ್ಗಿಸಿ ನಿಂತಿತ್ತು.

"ಅಯ್ಯೋ ನನ್ನಪ್ಪನೇ, ತಿಂಗ್ಳಿಂದ ಇದ್ರ ತಲೆ ಮ್ಯಾಲೇ ಕೂತಿದ್ನಾ?"

ಮಾದಯ್ಯ ಕಟ್ಟು ಬಿಚ್ಚಿ, ಕಾಡುಜಾಯಿಯ ಫಲಕವನ್ನು ಹುಡುಕಿ ತಾನೇ ನೆಟ್ಟ. ಮೃಣಾಲಿನಿ ಕೆಂಪು ಪೆನ್ನನ್ನು ಮುಚ್ಚಿ ನೀಲಿ ಪೆನ್ನಿನಲ್ಲಿ ಬರೆದಳು: ‘ಜೀವಂತ. ಬಾವಿಯಿಂದ ಪೂರ್ವಕ್ಕೆ ೯.೧೦ ಮೀಟರ್. ಎತ್ತರ ೩.೫ ಸೆಂಟಿಮೀಟರ್.’