ರಾಟೆ, ಬೀರು ಮತ್ತು ಮುನ್ನೂರು ನ್ಯೂಟನ್

ಬಲದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಆಮ್‌ಸ್ಟರ್‌ಡ್ಯಾಮಿನಲ್ಲಿ ಇನ್ನೂ ಹುಟ್ಟಿಲ್ಲ! ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ತಳ್ಳುವುದು, ಎಳೆಯುವುದು, ಎತ್ತುವುದು, ಇಳಿಸುವುದು ಎಲ್ಲ ನಾಲಿಗೆಯ ತುದಿಯಲ್ಲಿದೆ. ಅಂಥವನ ಮನೆಗೆ ಒಂದು ಬೀರು ಏರಿಸಲು ಹೊರಗಿನ ಆಳುಗಳು ಬೇಕಂತೆ. ಹೆಂಡತಿ ಫೆಮ್ಕೆ ಹಾಗಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅದು ಅವಳ ಅಜ್ಜಿಯ ಓಕ್ ಮರದ ಬೀರು, ಸರಿಯಾಗಿ ನೂರು ಕಿಲೋ. ನಮ್ಮದು ಮೂರನೇ ಅಂತಸ್ತು. ಮೆಟ್ಟಿಲು ಎಷ್ಟು ಕಿರಿದೆಂದರೆ ಊಟ ಮಾಡಿ ಹತ್ತಿದರೆ ಸಿಕ್ಕಿಕೊಳ್ಳುತ್ತೇವೆ. ಅದಕ್ಕೇ ಈ ಊರಿನ ಮನೆಗಳ ನೆತ್ತಿಯಿಂದ ಒಂದು ತೊಲೆ ಮುಂದಕ್ಕೆ ಚಾಚಿರುತ್ತದೆ, ತುದಿಯಲ್ಲೊಂದು ಕೊಕ್ಕೆ. ಅದಕ್ಕೆ ರಾಟೆ ಸಿಕ್ಕಿಸಿ, ಬೀದಿಯಿಂದ ಹಗ್ಗ ಎಳೆದು, ಮಂಚ, ಪಿಯಾನೊ ಎಲ್ಲವನ್ನೂ ಕಿಟಕಿಯಿಂದಲೇ ಒಳಗೆ ತರುವುದು ನಮ್ಮ ಪದ್ಧತಿ.

"ಶನಿವಾರ ಮೂರು ಗಂಟೆಗೆ ಅಮ್ಮ ಕಾಫಿಗೆ ಬರ್ತಾಳೆ," ಅಂದಳು ಫೆಮ್ಕೆ. "ಒಂದು ಗೀರು ಬಿದ್ದಿದ್ರೂ ಬೀರು ತಮ್ಮನ ಮನೆಗೆ ಹೋಗತ್ತೆ. ಅಜ್ಜಿಯದು ಅಂತ ನನಗಿರೋದು ಅದೊಂದೇ, ಲುಬ್ಬರ್ಟ್. ಡೌವೆ ತಾತನ್ನ ಒಂದು ಮಾತು ಕೇಳು."

ಡೌವೆ! ಮೊದಲ ಅಂತಸ್ತಿನ ಮುದುಕ, ನಲವತ್ತು ವರ್ಷ ಕಾಲುವೆಯಲ್ಲಿ ಸರಕಿನ ದೋಣಿ ನಡೆಸಿದವನು. ದಿನಾ ಕಡಲಹಕ್ಕಿಗಳಿಗೆ ಬ್ರೆಡ್ಡು ಹಾಕುತ್ತಾನೆ. ಅವು ನನ್ನ ಸೈಕಲ್ ಸೀಟಿನ ಮೇಲೆ ಅದರ ಋಣ ತೀರಿಸುತ್ತವೆ. ಅವನನ್ನು ನಾನು ಕೇಳಬೇಕೇ? ಪ್ರಾಣ ಹೋದರೂ ಇಲ್ಲ.

ಶನಿವಾರ ಶಾಲೆಯ ಮೂವರು ಸಹೋದ್ಯೋಗಿಗಳನ್ನು ಕರೆಸಿದೆ: ಇತಿಹಾಸದ ಯೋಸ್ಟ್, ಸಂಗೀತದವನೊಬ್ಬ, ಚಿತ್ರಕಲೆಯವಳೊಬ್ಬಳು. ಬೀದಿಯ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸಿದೆ. ಬೀರಿನ ಭಾರ ಸಾವಿರ ನ್ಯೂಟನ್. ಆಳಿಗೆ ಮುನ್ನೂರರಂತೆ ನಾಲ್ವರ ಎಳೆತ ಸಾವಿರದ ಇನ್ನೂರು. ಗೆಲುವು ನಮ್ಮದೇ! ಮೇಲಾಗಿ ರಾಟೆಗೆ ಅರ್ಧ ಡಬ್ಬಿ ಗ್ರೀಸು ಮೆತ್ತಿದ್ದೆ.

ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಪೈಪು ಸೇದುತ್ತಿದ್ದ ಡೌವೆಗೆ ಸುಮ್ಮನಿರಲಾಗಲಿಲ್ಲ. "ಹಗ್ಗಾನ ಬೀದಿಯಂಚಿನ ಆ ಕಬ್ಬಿಣದ ಗೂಟಕ್ಕೆ ಮೂರು ಸುತ್ತು ಸುತ್ಕೊಳ್ಳಿ ಮೇಷ್ಟ್ರೇ. ಬೀರಿನ ಕಾಲಿಗೂ ಒಂದು ಹಗ್ಗ ಇರ್ಲಿ, ಒಳಗೆ ಎಳ್ಕೊಳ್ಳೋಕೆ."

"ಸುತ್ತಿದರೆ ಘರ್ಷಣೆ," ಎಂದೆ. "ಘರ್ಷಣೆ ಅಂದ್ರೆ ಶಕ್ತಿ ಕದಿಯೋ ಕಳ್ಳ." ಮೂವರೂ ನನ್ನನ್ನು ಗೌರವದಿಂದ ನೋಡಿದರು. ಹಾಳಾದ ಗೌರವ!

ಎಳೆದೆವು. ಬೆಣ್ಣೆಯಿಂದ ಕೂದಲು ತೆಗೆದಂತೆ ಬೀರು ಸಲೀಸಾಗಿ ಮೇಲಕ್ಕೆ ಹೋಯಿತು. ಮೂರನೇ ಅಂತಸ್ತಿನ ಕಿಟಕಿಯಲ್ಲಿ ಫೆಮ್ಕೆ ಕೈ ಚಾಚಿದಳು, ಎಟುಕಲಿಲ್ಲ. ಸಾಮಾನು ಗೋಡೆಗೆ ತಾಗದಿರಲೆಂದು ನಮ್ಮ ಮನೆಗಳನ್ನು ಮುಂದಕ್ಕೆ ಬಾಗಿಸಿಯೇ ಕಟ್ಟಿರುತ್ತಾರೆ, ಬೀರು ಒಂದು ಮಾರು ದೂರದಲ್ಲಿ ತೂಗುತ್ತಿತ್ತು. ಯಾರಾದರೂ ಮೇಲೆ ಬನ್ನಿ ಎಂದು ಅವಳು ಕೂಗಿದಳು. ಸೇನಾಪತಿ ಇರುವಾಗ ಸಿಪಾಯಿ ಯಾಕೆ? ನಾನೇ ಬಂದೆ ಎಂದು ಹಗ್ಗ ಬಿಟ್ಟು ಮೆಟ್ಟಿಲಿಗೆ ಓಡಿದೆ.

ಎರಡನೇ ಅಂತಸ್ತಿನ ಕಿಟಕಿಯ ಹತ್ತಿರ ನಾವಿಬ್ಬರೂ ಭೇಟಿಯಾದೆವು. ನಾನು ಮೇಲಕ್ಕೆ ಹೋಗುತ್ತಿದ್ದೆ, ಗಾಜಿನಾಚೆ ಬೀರು ಕೆಳಕ್ಕೆ ಹೋಗುತ್ತಿತ್ತು. ಮೇಲಿನಿಂದ ಫೆಮ್ಕೆಯ ಚೀತ್ಕಾರ ಕೇಳಿಸಿತು. ಕೋಪ ನೆತ್ತಿಗೇರಿತು. ಅದೇ ವೇಗದಲ್ಲಿ ಕೆಳಗೆ ಬಂದೆ.

ಬೀರು ನನ್ನ ಸೈಕಲ್ ಸೀಟಿನಿಂದ ಒಂದು ಗೇಣು ಮೇಲೆ ನಿಂತಿತ್ತು. ಒಂದು ಗೀರೂ ಇರಲಿಲ್ಲ. ಎಪ್ಪತ್ತೆಂಟರ ಡೌವೆ ಜಾರುತ್ತಿದ್ದ ಹಗ್ಗದ ತುದಿ ಹಿಡಿದು ಗೂಟಕ್ಕೆ ಮೂರು ಸುತ್ತು ಹಾಕಿದ್ದ. ಘರ್ಷಣೆಯೆಂಬ ಆ ಕಳ್ಳನೇ ಕಾಪಾಡಿದ್ದ!

ಮೂವರ ಮೇಲೂ ಹರಿಹಾಯ್ದೆ. ಯಾಕೆ ಬಿಟ್ಟಿರಿ, ಹಿಡಿಯಲು ಆಗದವರು ಬಂದದ್ದೇಕೆ ಎಂದೆಲ್ಲ ಕೂಗಾಡಿದೆ. ಚಿತ್ರಕಲೆಯವಳು ಕೆಂಪಾದ ಅಂಗೈ ತೋರಿಸಿದಳು.

"ನಾವು ಬಿಡ್ಲಿಲ್ಲ ಲುಬ್ಬರ್ಟ್," ಅಂದ ಯೋಸ್ಟ್. "ಬಿಟ್ಟಿದ್ದು ನೀನು. ಅಲ್ಲೇ ಬರ್ದಿದ್ದೀಯಲ್ಲ, ನೋಡ್ಕೋ."

ನೋಡಿದೆ. ಸಾವಿರದ ಇನ್ನೂರರಲ್ಲಿ ನನ್ನ ಮುನ್ನೂರು ಹೋದರೆ ಒಂಬೈನೂರು. ಬೀರು ಸಾವಿರ. ರಾಟೆ ಸ್ವಲ್ಪವಾದರೂ ಬಿಗಿಯಾಗಿದ್ದರೆ ತಡೆಯುತ್ತಿತ್ತು, ಅದಕ್ಕೂ ಗ್ರೀಸು ಮೆತ್ತಿದವನು ನಾನೇ. ಬೀದಿಯ ಕಲ್ಲು ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಮೇಲಿನ ಕೆಲಸವೆಲ್ಲ ಡೌವೆಯದು. ಬೀರಿನ ಕಾಲಿಗೂ ಒಂದು ಹಗ್ಗ ಕಟ್ಟಿಸಿದ, ಆ ಮೂವರೂ ಆತನೂ ಸೇರಿ ಮೇಲಕ್ಕೆಳೆದರು. ಆತ ಹಗ್ಗವನ್ನು ಗೂಟಕ್ಕೆ ಸುತ್ತಿ, ಎರಡೇ ಬೆರಳಲ್ಲಿ ಹಿಡಿದು ಪೈಪು ಸೇದುತ್ತ ನಿಂತ. ಉಳಿದವರು ಮೇಲೆ ಹೋಗಿ, ಕಾಲಿಗೆ ಕಟ್ಟಿದ ಹಗ್ಗದಿಂದ ಬೀರನ್ನು ಒಳಗೆಳೆದುಕೊಂಡರು. ನಾನು ಏನನ್ನೂ ಮುಟ್ಟದೆ ದೂರ ನಿಲ್ಲಬೇಕೆಂದು ಫೆಮ್ಕೆಯ ಆಜ್ಞೆಯಾಗಿತ್ತು.

ಮೂರಕ್ಕೆ ಸರಿಯಾಗಿ ಅತ್ತೆ ಬಂದರು, ಬೀರನ್ನು ಸವರಿ ನೋಡಿ ಕಣ್ಣೊರೆಸಿಕೊಂಡರು. ಫೆಮ್ಕೆ ಸೇಬಿನ ಕೇಕು ತಂದಳು. ನಮ್ಮಲ್ಲಿ ಕೇಕು ತಲೆ ಎಣಿಸಿಯೇ ಕತ್ತರಿಸುವುದು, ತಲೆಗೊಂದೇ ತುಂಡು. ಅತ್ತೆ, ಡೌವೆ, ಆ ಮೂವರು, ಕೊನೆಗೆ ಅವಳು. ತಟ್ಟೆ ಖಾಲಿಯಾಯಿತು.

"ನನ್ನದು?" ಎಂದೆ.

ಅವಳು ಚಮಚ ಎತ್ತಿಕೊಂಡಳು. "ಅಯ್ಯೋ. ಹಗ್ಗ ಬಿಡೋವಾಗ ನೀನು ಎಣಿಸಿದ ಹಾಗೇ ಎಣಿಸಿಬಿಟ್ಟೆ," ಅಂದಳು. "ನಿನ್ನ ಬಿಟ್ಟು."