ಭರಮು ಕಟ್ಟಿದ ಒಡೆಯದ ಇಂಜಿನ್ನು

ತಾಪತ್ರಯಕ್ಕೆಲ್ಲ ಮೂಲ ನಲವತ್ತು ರಿವೆಟ್ಟುಗಳು. ಡೈರೆಕ್ಟರು ಕೊಟ್ಟ ನಕ್ಷೆಯಲ್ಲಿ ಅವು ಇರಲಿಲ್ಲ. ಗುರುವಾರ ಬೆಳಿಗ್ಗೆ ಸಿನಿಮಾದ ಮಂದಿ ಚಹಾ ಕುಡಿಯುತ್ತ ಕೂತಿದ್ದಾಗ, ಶೇಡಬಾಳದ ಭರಮು ಯಾರನ್ನೂ ಕೇಳದೆ ಅವನ್ನು ಇಂಜಿನ್ನಿನ ಹೊಟ್ಟೆಗೆ ಬಡಿದುಬಿಟ್ಟ. ಸದ್ದು ಊರಿಗೆಲ್ಲ ಕೇಳಿತು. ಭರಮು ಬಡಿಯುವುದು ಊರಿಗೆ ಹೊಸದಲ್ಲವಾದ್ದರಿಂದ ಯಾರೂ ತಲೆ ಎತ್ತಲಿಲ್ಲ.

ಭರಮು ಬೆಲ್ಲ ಕಾಯಿಸುವ ಕೊಪ್ಪರಿಗೆ ಮಾಡುವವನು. ಅವನ ಕೊಪ್ಪರಿಗೆ ಹತ್ತು ಹಂಗಾಮು ಬೆಂಕಿಯ ಮೇಲೆ ಕೂತರೂ ಒಂದು ಹನಿ ಸೋರುತ್ತಿರಲಿಲ್ಲ. ಅವನ ಬಾಯಿಯೂ ಹಾಗೆಯೇ ಇತ್ತು, ಒಂದು ಮಾತು ಸೋರುತ್ತಿರಲಿಲ್ಲ.

ಎಂಬತ್ತೇಳನೆಯ ಇಸವಿಯಲ್ಲಿ ಕೊಲ್ಲಾಪುರದ ಸಿನಿಮಾದವರಿಗೆ ಒಂದು ಉಗಿ ಇಂಜಿನ್ನು ಬೇಕಾಯಿತು. ಅದು ಹಳಿ ಬಿಟ್ಟು ಓಡಿ, ರಸ್ತೆ ದಾಟಿ, ಗೋಡೆಗೆ ಗುದ್ದಿ ಚೂರುಚೂರಾಗಬೇಕು. ಚೂರು ಮಾಡಲೆಂದು ರೈಲ್ವೆಯವರು ಇಂಜಿನ್ನು ಕೊಡುತ್ತಾರೆಯೇ? ತಗಡು ಬಗ್ಗಿಸಬಲ್ಲವನನ್ನು ಹುಡುಕುತ್ತ ಅವರು ಭರಮುವಿನ ಬಾಗಿಲಿಗೆ ಬಂದರು. ಕಬ್ಬಿನ ಗದ್ದೆಯ ರಾವಸಾಹೇಬ ತನ್ನ ಟ್ರ್ಯಾಕ್ಟರು ಕೊಟ್ಟ. ಭರಮು ಅದರ ಮೇಲೆ ಕೊಪ್ಪರಿಗೆಯ ತಗಡಿನಿಂದ ಬಾಯ್ಲರು ಕಟ್ಟಿ, ಗಾಣದ ಮನೆಯ ಚಿಮಣಿ ಕೂರಿಸಿ, ಕರಿಬಣ್ಣ ಹೊಡೆದ. ಒಳಗೆ ಕಬ್ಬಿನ ಗರಿಯ ಒದ್ದೆ ರವದಿ ಸುಟ್ಟರೆ ನಿಜವಾದ ಇಂಜಿನ್ನಿಗೂ ನಾಚಿಕೆಯಾಗುವಷ್ಟು ಹೊಗೆ ಬರುತ್ತಿತ್ತು.

ಇನ್ನು ಆ ರಿವೆಟ್ಟುಗಳ ಸಂಗತಿ. ಭರಮುವಿನ ಹೆಂಡತಿ ಮಲಕವ್ವ ತೆಲಸಂಗದವಳು. ಅವಳ ಊರಲ್ಲಿ ರೈಲಿಲ್ಲ. ಶೇಡಬಾಳದಲ್ಲಿ ಸ್ಟೇಷನ್ನಿದೆ, ಗಂಡ ರೈಲಿನಲ್ಲಿ ಕೂರಿಸಿ ಮಿರಜ ತೋರಿಸುತ್ತಾನೆ ಎಂದುಕೊಂಡು ಮದುವೆಯಾಗಿ ಬಂದಳು. ನಾಲ್ಕು ವರ್ಷ ಕಳೆದರೂ ಅವಳಿಗೆ ಕಂಡದ್ದು ಕೊಪ್ಪರಿಗೆಗಳು ಮಾತ್ರ. ಏಳು ತಿಂಗಳ ಹಿಂದೆ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, “ನಾ ಹೊಂಟೀನ್ರಿ” ಎಂದಳು. ಭರಮುವಿನ ಇಕ್ಕಳದಲ್ಲಿ ಕೆಂಪಗೆ ಕಾದ ರಿವೆಟ್ಟಿತ್ತು. ಆರಿದರೆ ಕೆಲಸ ಕೆಡುತ್ತದೆ. “ನಿಂದ್ರು” ಎಂಬ ಮಾತು ಗಂಟಲಿಗೆ ಬಂದಿತ್ತು. ರಿವೆಟ್ಟನ್ನು ಬಡಿದು ಮುಗಿಸಿ ತಲೆ ಎತ್ತುವಷ್ಟರಲ್ಲಿ ಹೊಸ್ತಿಲು ಖಾಲಿಯಾಗಿತ್ತು.

ಆಮೇಲೆ ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ. ಹಗಲೆಲ್ಲ ಬಡಿದು ಸುತ್ತಿಗೆ ಕೆಳಗಿಟ್ಟ ಕೂಡಲೇ ಮನೆ ಎಷ್ಟು ಸುಮ್ಮನಾಗುತ್ತಿತ್ತೆಂದರೆ, ಹೆದರಿ ಮತ್ತೆ ಸುತ್ತಿಗೆ ಎತ್ತುತ್ತಿದ್ದ.

ಈಗ ಅವಳಿಂದ ಕಾರ್ಡು ಬಂದಿತ್ತು: “ನೀವು ರೈಲಿನ ಇಂಜಿನ್ ಮಾಡೀರಂತ. ಗುರುವಾರ ಸಂಜೀ ಬಸ್ಸಿಗೆ ನೋಡಾಕ ಬರ್ತೀನಿ. ಕೂತು ನೋಡಿ, ಮುಂದಿಂದು ಆಮ್ಯಾಲ ಮಾತಾಡೂಣು.” ಶೂಟಿಂಗು ಗುರುವಾರ ಮಧ್ಯಾಹ್ನ. ಮಧ್ಯಾಹ್ನ ಚೂರಾಗುವ ಇಂಜಿನ್ನು ಸಂಜೆ ಬರುವ ಹೆಂಡತಿಗಾಗಿ ಉಳಿಯಬೇಕಲ್ಲ? ಅದಕ್ಕೇ ಆ ನಲವತ್ತು ರಿವೆಟ್ಟುಗಳು.

ಮಧ್ಯಾಹ್ನ ಐನಾಪುರದ ರಸ್ತೆಯಲ್ಲಿ ಊರಿಗೆ ಊರೇ ಸೇರಿತು. ಪೂಜೆಯಾಗದೆ ಟ್ರ್ಯಾಕ್ಟರು ಚಾಲೂ ಮಾಡುವುದಿಲ್ಲ ಎಂದು ರಾವಸಾಹೇಬ ಕೈಕಟ್ಟಿ ನಿಂತ. ಭರಮುವಿನ ಪಕ್ಕದ ಮನೆಯ ಕಸ್ತೂರೆವ್ವ ಗಾಲಿಗಳ ಕೆಳಗೆ ಲಿಂಬೆಹಣ್ಣಿಟ್ಟು, ಕಾಯಿ ಒಡೆದು ಕೈಮುಗಿದಳು.

“ಯವ್ವಾ, ಇದಕ್ಕ ಒಂದ ಗೀರೂ ಬೀಳದಂಗ ನೋಡ್ಕೋವಾ.”

ಒಡೆಯಲೆಂದೇ ಮಾಡಿಸಿದ ಬಂಡಿಗೆ ಇಂಥ ಹರಕೆ ಕೇಳಿ ಡೈರೆಕ್ಟರು ತಲೆ ಚಚ್ಚಿಕೊಂಡ. ರಸ್ತೆಯಲ್ಲಿ ಗಾಡಿಗಳನ್ನು ತಡೆಯಲು ಅವನಿಗೊಬ್ಬ ಬೇಕಿತ್ತು. ಸುಮ್ಮನೆ ನಿಂತಿದ್ದ ಭರಮುವಿಗೆ ಖಾಕಿ ಕೋಟು, ಟೊಪ್ಪಿಗೆ ಹಾಕಿ, ಪೊದೆ ಮೀಸೆ ಅಂಟಿಸಿ, ಕೈಗೆ ಕೆಂಪು ನಿಶಾನೆ ಕೊಟ್ಟ.

“ಇಂವಗ ಕೊಡಬ್ಯಾಡ್ರಿ ಸಾಹೇಬ್ರ,” ಎಂದ ರಾವಸಾಹೇಬ. “ಇಂವನ ಬಾಯಾಗಿಂದ ಒಂದ ಮಾತ ತಗೀಬೇಕಂದ್ರ ಇಕ್ಕಳ ಹಾಕಬೇಕು.”

ಆದರೆ ಆ ಮೀಸೆಯ ಮಹಿಮೆಯೋ ಏನೋ, ಮೊದಲ ಎತ್ತಿನ ಗಾಡಿ ಬಂದಾಗ ಭರಮು “ನಿಂದ್ರ್ರಿ!” ಎಂದು ಕೂಗಿದ ಅಬ್ಬರಕ್ಕೆ ಎತ್ತುಗಳು ನಿಂತಿದ್ದಲ್ಲದೆ ಎರಡು ಹೆಜ್ಜೆ ಹಿಂದೆಯೂ ಹೋದವು. ಜನ ಚಪ್ಪಾಳೆ ತಟ್ಟಿದರು. ಭರಮುವಿಗೆ ಖುಷಿಯಾಯಿತು. ತನ್ನೊಳಗೆ ಇಷ್ಟು ದನಿ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ.

ಇಂಜಿನ್ನು ಹೊಗೆ ಉಗುಳುತ್ತ ಹೊಲದಿಂದ ನುಗ್ಗಿತು, ರಸ್ತೆ ದಾಟಿತು, ಗೋಡೆಗೆ ಗುದ್ದಿತು. ಗೋಡೆ ಬಿತ್ತು. ಇಂಜಿನ್ನು ಹಾಗೇ ನಿಂತಿತ್ತು.

“ಅರೆ, ತುಟಲಂಚ ನಾಹೀ!” ಎಂದು ಡೈರೆಕ್ಟರು ಚೀರಿದ. ಒಡೆಯಲೇ ಇಲ್ಲವಲ್ಲ ಎಂಬ ಅವನ ಗೋಳು ಮರಾಠಿ ಬಾರದವರಿಗೂ ತಿಳಿಯಿತು. ಕಸ್ತೂರೆವ್ವ ಲಿಂಬೆಹಣ್ಣಿನ ಸಿಪ್ಪೆಗೆ ಕೈಮುಗಿದಳು.

ಗೋಡೆಯನ್ನು ಮತ್ತೆ ಕಟ್ಟಲು ಶುರುಮಾಡಿದರು. ಹತ್ತು ನಿಮಿಷ ಮುಚ್ಚಬೇಕಿದ್ದ ರಸ್ತೆ ಒಂದು ತಾಸು ಮುಚ್ಚಿತು. ಆಗ ಅಥಣಿಯಿಂದ ಮಧ್ಯಾಹ್ನದ ಬಸ್ಸು ಬಂತು.

“ನಿಂದ್ರ್ರಿ!” ಭರಮು ನಿಶಾನೆ ಬೀಸಿದ. ಧೂಳು ಎದ್ದು ಬಸ್ಸು ನಿಂತಿತು. ಕಂಡಕ್ಟರು ಇಳಿದು ಬಂದ.

“ಬಿಡೋ ಮಾರಾಯಾ. ಒಳಗ ಒಬ್ಬಾಕಿ ಹೆಣ್ಮಗಳು ಕೂತಾಳ, ಭಾಳ ಅವಸರ ಐತಿ ಅಂತಾಳ.”

“ಅವಸರ ಯಾರಿಗಿಲ್ಲ? ನಮ್ಮ ಮಂದೀನೂ ಇವತ್ತ ಬರೂದೈತಿ. ನಾ ನಿಂತಿಲ್ಲೇನು?” ಎಂದ ಭರಮು, ಕಣ್ಣು ಇಂಜಿನ್ನಿನ ಮೇಲೆಯೇ ಇಟ್ಟು. “ಹೊಳ್ಳಿ ಹೋಗ್ರಿ! ಯಾರನ್ನೂ ಬಿಡಂಗಿಲ್ಲ!”

ಏಳು ತಿಂಗಳಲ್ಲಿ ಅವನು ಇಷ್ಟು ಮಾತಾಡಿದ್ದು ಅದೇ ಮೊದಲು. ಬೈಯುತ್ತ ಜನ ಇಳಿದು, ಹೊಲದಲ್ಲಿ ಹಾದು ನಡೆದುಹೋದರು. ಸ್ವಲ್ಪ ಹೊತ್ತು ಕಾದು ಬಸ್ಸು ಹೊರಳಿ ಅಥಣಿಯ ಹಾದಿ ಹಿಡಿಯಿತು.

ಎರಡನೆಯ ಗೋಡೆಯೂ ಬಿತ್ತು. ಮೂರನೆಯದು ಬೀಳುವಾಗ ಟ್ರ್ಯಾಕ್ಟರಿನ ರೇಡಿಯೇಟರು ಒಡೆಯಿತು, ಇಂಜಿನ್ನು ಒಡೆಯಲಿಲ್ಲ. ಈ ದೃಶ್ಯವನ್ನು ಆಟಿಕೆಯ ಇಂಜಿನ್ನು ಇಟ್ಟು ತೆಗೆಯುತ್ತೇನೆ ಎಂದು ಡೈರೆಕ್ಟರು ಕೋಟು, ಮೀಸೆ, ನಿಶಾನೆ ಎಲ್ಲ ಕಟ್ಟಿಕೊಂಡು ಕೊಲ್ಲಾಪುರಕ್ಕೆ ಹೊರಟ.

“ಲೇ ಭರಮ್ಯಾ, ನನ್ನ ಟ್ರ್ಯಾಕ್ಟರ ಹೊರಗ ಹೆಂಗ ತಗೀತಿ?” ಎಂದು ರಾವಸಾಹೇಬ ಕೂಗಾಡಿದ. ಭರಮುವಿಗೆ ಯಾವುದೂ ತಟ್ಟಲಿಲ್ಲ. ಇಂಜಿನ್ನು ಉಳಿದಿತ್ತು, ಅಷ್ಟೇ ಸಾಕು. ಮುಖ ತೊಳೆದ. ಇಂಜಿನ್ನಿನೊಳಗೆ ಮಲಕವ್ವ ಹೊಲಿದಿದ್ದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಇಬ್ಬರು ಕೂರುವಷ್ಟು ಜಾಗವಿತ್ತು. ಹೇಳಬೇಕಾದ್ದನ್ನು ಬಾಯಲ್ಲಿ ಜೋಡಿಸಿಕೊಂಡು ರಸ್ತೆಗೆ ಬಂದು ನಿಂತ.

ಸಂಜೆ ಬಸ್ಸು ಬಂತು. ಎಲ್ಲರೂ ಇಳಿದರು. ಮಲಕವ್ವ ಇಳಿಯಲಿಲ್ಲ. ಮಧ್ಯಾಹ್ನದ ಕಂಡಕ್ಟರೇ ಒಂದು ಬುತ್ತಿಗಂಟು ಹಿಡಿದು ಕೆಳಗೆ ಬಂದ.

“ಇಂಜಿನ್ ಮಾಡಿದಾಂವ ನೀವ ಏನ್ರಿ? ತೆಲಸಂಗದಾಕಿ ನಿಮಗ ಕೊಡು ಅಂದಾಳ. ಶೇಂಗಾ ಹೋಳಿಗಿ. ಸಂಜೀತನಾ ತಡಿಯಾಕ ಆಗ್ಲಿಲ್ಲಂತ, ಮಧ್ಯಾಹ್ನದ ಬಸ್ಸಿಗೇ ಬಂದಿದ್ಳು. ಎಲ್ಲಾರೂ ಇಳದ ಹ್ವಾದ್ರು, ಆಕಿ ಒಬ್ಬಾಕಿ ಇಳೀಲಿಲ್ಲ.”

ಭರಮು ಗಂಟು ಹಿಡಿದು ಬಾಯಿ ತೆರೆದ. ಕಂಡಕ್ಟರು ಅವನ ಮುಖವನ್ನೇ ದಿಟ್ಟಿಸಿ ನೋಡಿದ.

“ಅಲ್ಲಾ, ಆ ಮೀಸಿಯಂವ ನೀವ ಏನ್ರಿ? ನಂಗ ಗುರ್ತ ಹತ್ತಲಿಲ್ಲ. ಆಕಿಗೆ ಹತ್ತಿತ್ತು. ‘ನಾ ಬಿಟ್ಟ ಹೋಗುಮುಂದ ನಿಂದ್ರು ಅನ್ನಲಿಲ್ಲ, ತಿರುಗಿ ಬರುಮುಂದ ನಿಂದ್ರ್ರಿ ಅಂದ್ರು’ ಅಂದ್ಳು. ಅಥಣ್ಯಾಗ ಗಂಟು ನನ್ನ ಕೈಯಾಗ ಕೊಟ್ಟ ತೆಲಸಂಗದ ಬಸ್ ಹತ್ತಿದ್ಳು.”

ಕಂಡಕ್ಟರು ಹತ್ತಿ ಗಂಟೆ ಬಾರಿಸಿದ. ತಿರುಗಿ ಅಥಣಿಗೆ ಹೋಗುವ ಕಡೆಯ ಬಸ್ಸು ಅದು. ಅದನ್ನು ಹಿಡಿದರೆ ತೆಲಸಂಗ ಮುಟ್ಟಬಹುದಿತ್ತು. ಭರಮು ಬಸ್ಸಿನ ಹಿಂದೆ ಓಡಿದ. “ನಿಂದ್ರ್ರಿ!” ಎಂದು ಜೀವ ಬಿಟ್ಟು ಕೂಗಿದ. ಮಧ್ಯಾಹ್ನವೆಲ್ಲ ಅರಚಿ ಗಂಟಲು ಬಿದ್ದುಹೋಗಿತ್ತು, ಬರೀ ಗಾಳಿ ಬಂತು. ಕೈ ಬೀಸೋಣವೆಂದರೆ ಒಂದು ಕೈಯಲ್ಲಿ ಹೋಳಿಗೆ, ನಿಶಾನೆ ಕೊಲ್ಲಾಪುರಕ್ಕೆ ಹೋಗಿತ್ತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

“ಬಂದ್ಳೇನೋ ಭರಮೂ?” ಎಂದು ಕಸ್ತೂರೆವ್ವ ರಸ್ತೆಬದಿಯ ಕಟ್ಟೆಯಿಂದ ಕೂಗಿದಳು.

ಭರಮು ಇಂಜಿನ್ನು ಹತ್ತಿ, ಕೌದಿಯ ಒಂದು ಅಂಚಿಗೆ ಸರಿದು ಕೂತು, ಗಂಟು ಬಿಚ್ಚಿದ. ಹೋಳಿಗೆ ಇಬ್ಬರಿಗಾಗುವಷ್ಟಿತ್ತು.