ನನ್ನ ಇಂಗ್ಲಿಷ್ ಕ್ಯಾಸೆಟ್ಟೂ ಮನೆಯವಳ ಬಕೆಟ್ಟೂ

ವಿಆರ್‌ಎಸ್ ತಗೊಂಡು ಮನೇಲಿ ಕೂತವನಿಗೆ ಹೊತ್ತು ಹೇಗೆ ಹೋಗುತ್ತೆ ಅಂತ ಕೇಳ್ತಾರೆ. ಸ್ವಾಮಿ, ಮನೇಲಿ ಒಂದು ಹಳೇ ಕ್ಯಾಸೆಟ್ ಇಟ್ಟುಕೊಂಡು ನೋಡಿ, ಆಮೇಲೆ ಹೇಳಿ.

ನನ್ನದು ಎಂಬತ್ತರ ದಶಕದಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡದ್ದು. ಅದರಲ್ಲಿ ಬರೀ ಎಲೆಕ್ಟ್ರಾನಿಕ್ ಕೀಬೋರ್ಡು, ತಾಳ ಕೂಡ ಮೆಷಿನ್ನಿನದೇ. ಅದರ ಮೇಲೆ ಒಬ್ಬ ಹೆಂಗಸಿನ ತುಂಬುಕಂಠ. ತಣ್ಣಗಿನ ಕಬ್ಬಿಣದ ಪೆಟ್ಟಿಗೆಯೊಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ! ಎಷ್ಟು ಕೇಳಿದರೂ ನನಗೆ ಬೇಜಾರಿಲ್ಲ. ಮನೆಯವಳಿಗಿತ್ತು. "ಹಳೇ ಸಾಮಾನು ತಗೊಳ್ಳೋ ಪಾತ್ರೆಯವನು ಬರ್ಲಿ, ಇದನ್ನ ಹಾಕಿ ಬಕೆಟ್ ತಗೋತೀನಿ" ಅಂದಳು. ಅಂದಿನಿಂದ ಕ್ಯಾಸೆಟ್ ನನ್ನ ಜೇಬಿನಲ್ಲೇ.

ಬಸ್ಸಿನಲ್ಲಿ

ನಮ್ಮ ಗಡಿನಾಡಿನ ರಾಯಕೋಟೆ ಬಸ್ಸಿನ ಡ್ರೈವರ್ ಪರಿಚಯದವನು. ಪುಸಲಾಯಿಸಿ ಕ್ಯಾಸೆಟ್ ಹಾಕಿಸಿದೆ. ತಾನಿಳಿಯಬೇಕಾದ ಉದ್ದನಪಲ್ಲಿ ಬಂದರೂ ಮುಂದಿನ ಸೀಟಿನ ಅಜ್ಜಿ ಏಳಲಿಲ್ಲ. ಕಂಡಕ್ಟರ್ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಿದ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಂದಳು: "ತಡೀಲಾ. ಆ ಹೆಣ್ಣು ಅಷ್ಟೊಂದು ನೊಂದ್ಕೊಂಡು ಹೇಳ್ತಾವ್ಳೆ. ನಡುವ್ಲೇ ಎದ್ದೋದ್ರೆ ಏನಂದ್ಕೊಂತಾಳೆ?"

ಯೂನಿಯನ್ ಲೀಡರ್

ಹಾಡು ಚೆನ್ನಾಗಿದೆ ಅನ್ನೋಕೆ ಮನೆಯವಳ ಮುಂದೆ ಸಾಕ್ಷಿ ಬೇಕಲ್ಲ, ನಮ್ಮ ಫ್ಯಾಕ್ಟರಿಯ ಹಳೇ ಯೂನಿಯನ್ ಲೀಡರನ್ನು ಕಾಫಿಗೆ ಕರೆದೆ. ಕಣ್ಣು ಮುಚ್ಚಿ ಕೇಳಿದ. ನಮ್ಮ ತಗಡು ಬಡಿಯೋ ಪ್ರೆಸ್ ಶಾಪ್ ಕೂಡ ಇಷ್ಟು ಕರೆಕ್ಟಾಗಿ ಬಡೀತಿರಲಿಲ್ಲ ಅಂತ ತಲೆದೂಗಿದ. ಡ್ರಮ್ ಬಾರಿಸೋನು ಯಾರು ಅಂದ. ಯಾರೂ ಇಲ್ಲ, ಮೆಷಿನ್ನು ಅಂದೆ. ಕಾಫಿ ಲೋಟ ಕೆಳಗಿಟ್ಟ.

"ಹಂಗಾದ್ರೆ ಬಾರಿಸೋರಿಗೆಲ್ಲ ವಿಆರ್‌ಎಸ್ ಕೊಟ್ಬುಟ್ರಾ? ಆಯಮ್ಮ ಒಬ್ಳನ್ನೇ ಉಳಿಸ್ಕೊಂಡವ್ರಾ? ಅದಕ್ಕೇ ಕಣಯ್ಯಾ ಆ ದನಿ ಹಂಗೈತೆ."

ಸಾಕ್ಷಿ ಅಷ್ಟಕ್ಕೇ ಮುಗೀತು.

ಪಾತ್ರೆಯವನು ಬಂದ ದಿನ

ಒಂದು ಶುಕ್ರವಾರ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನಲ್ಲೇ ಮರೆತು ಪೇಟೆಗೆ ಹೋದೆ. ವಾಪಸ್ ಬರುವಾಗ ಅವಲಪಲ್ಲಿ ತಿರುವಿನಲ್ಲಿ ಪಾತ್ರೆಯವನ ಸೈಕಲ್ ಎದುರಾಯಿತು. ಓಡಿಬಂದರೆ ಬಾಗಿಲಲ್ಲಿ ಹೊಚ್ಚಹೊಸ ನೀಲಿ ಬಕೆಟ್. ನನ್ನ ಕ್ಯಾಸೆಟ್ ಹೋಯ್ತು ಅಂದುಕೊಂಡೆ.

ಅಷ್ಟರಲ್ಲಿ ಒಳಗಿಂದ ಅದೇ ಕಂಠ ಕೇಳಿಸಿತು! ಬಕೆಟ್ಟಿಗೆ ಹೋಗಿದ್ದು ನನ್ನ ಪ್ಯಾಂಟುಗಳಂತೆ. ಹೋಗಲಿ ಬಿಡಿ. ಇಣುಕಿದರೆ ಮನೆಯವಳೂ ಪಕ್ಕದ ಮನೆಯಾಕೆಯೂ ಅವರೆಕಾಯಿ ಸುಲಿಯೋದು ಬಿಟ್ಟು, ಟೇಪ್ ರೆಕಾರ್ಡರಿನ ಮುಂದೆ ಮೈಮರೆತು ಕೂತಿದ್ದಾರೆ. ಪಕ್ಕದ ಮನೆಯಾಕೆ ತಮಿಳಿನಲ್ಲಿ, ಇವಳು ಏನಂತ ಹಾಡ್ತಿದಾಳೆ ಅಂತ ಕೇಳಿದಳು. ಇಂಗ್ಲಿಷಿನ ಒಂದಕ್ಷರ ಬಾರದ ನನ್ನವಳು ನಿಟ್ಟುಸಿರು ಬಿಟ್ಟು ಹೇಳಿದಳು:

"ಇನ್ನೇನಕ್ಕಾ, ಇವಳ ಗಂಡನೂ ಕೆಲ್ಸ ಬಿಟ್ಟು ಮನೇಲೇ ಕುಂತವ್ನೆ. ನಾನಾದ್ರೆ ಬರೀ ಬೈತೀನಿ, ಇವಳು ರಾಗವಾಗಿ ಬೈತಾವ್ಳೆ."